ಕ್ಯಾಪ್ಸಿಕಂ ತುದಿ ಯಾಕೆ ಕಪ್ಪಾಯ್ತು?

ಕಳೆದ ಏಪ್ರಿಲ್‌ನಲ್ಲಿ ಚಿಂತಾಮಣಿ ಹತ್ತಿರ ಇರೋ ನಮ್ಮ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದೆ. ಶೇಡ್ ನೆಟ್ ಒಳಗೆ, ಮಣ್ಣಿನ ಬದಲು ಕೊಕೊಪೀಟ್ ಚೀಲಗಳಲ್ಲಿ ಕ್ಯಾಪ್ಸಿಕಂ ಹಾಕಿದ್ದಾರೆ. ಗೊಬ್ಬರ ಪೂರ್ತಿ ಡ್ರಿಪ್ ನೀರಲ್ಲೇ. "ಏನೋ ಇಂಜಿನಿಯರ್, ಇದೇನು ರೋಗ ನೋಡೋ" ಅಂತ ಕಾಯಿ ಕೈಗಿಟ್ಟರು. ತುದಿ ಕಪ್ಪಾಗಿ ಒಳಕ್ಕೆ ಕುಸಿದಿತ್ತು. ಎರಡು ಸಲ ಔಷಧಿ ಹೊಡೆದಿದ್ದರೂ ಕಡಿಮೆ ಆಗಿರಲಿಲ್ಲ.

ಅದು ರೋಗವೇ ಅಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ಸಾಲದೆ ಹೋದಾಗ ಹೀಗಾಗುತ್ತೆ. ವಿಚಾರಿಸಿದರೆ, ಕ್ಯಾಲ್ಸಿಯಂ ನೈಟ್ರೇಟ್ ದುಬಾರಿ ಅಂತ ಅದನ್ನು ಕಡಿಮೆ ಮಾಡಿ ಅಮೋನಿಯಂ ಸಲ್ಫೇಟ್ ಬೆರೆಸಿದ್ದರು. ಎರಡರಲ್ಲೂ ಸಾರಜನಕ ಇದೆ, ಆದರೆ ಬೇರಿಗೆ ಎರಡೂ ಒಂದೇ ಅಲ್ಲ.

ಅಮೋನಿಯಂ ಧನ ಅಯಾನು, ಕ್ಯಾಲ್ಸಿಯಂ ಕೂಡ ಧನ ಅಯಾನು. ಅಮೋನಿಯಂ ಜಾಸ್ತಿಯಾದರೆ ಬೇರು ಕ್ಯಾಲ್ಸಿಯಂ ತಗೊಳ್ಳೋದು ಕಡಿಮೆ ಆಗುತ್ತೆ. ಜೊತೆಗೆ ಚಾರ್ಜ್ ಸರಿದೂಗಿಸೋಕೆ ಬೇರು ಹೈಡ್ರೋಜನ್ ಅಯಾನು ಹೊರಗೆ ಬಿಡುತ್ತೆ, ಪಿಹೆಚ್ ಇಳಿಯುತ್ತೆ. ನೈಟ್ರೇಟ್ ತಗೊಂಡಾಗ ಉಲ್ಟಾ: ಪಿಹೆಚ್ ನಿಧಾನಕ್ಕೆ ಏರುತ್ತೆ. ಬೇಕಾಗಿರೋದು ಸುಮಾರು 5.5ರಿಂದ 6.5. ಚಿಕ್ಕಪ್ಪನ ಚೀಲದಿಂದ ಇಳಿದ ನೀರು 5ಕ್ಕಿಂತ ಕೆಳಗಿತ್ತು.

ಹಾಗಾದರೆ ಗೌರಿಬಿದನೂರಿನ ಜೋಳದ ಹೊಲಕ್ಕೆ, ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಕ್ಕೆ ಅದೇ ಗೊಬ್ಬರ ಹೇಗೆ ಒಗ್ಗುತ್ತೆ? ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡಿಬಿಡುತ್ತವೆ. ಹೈಡ್ರೋಪೋನಿಕ್ಸ್‌ನಲ್ಲಿ ಆ ಸಹಾಯ ತುಂಬಾ ಕಡಿಮೆ. ನಾವು ಟ್ಯಾಂಕಿಗೆ ಏನು ಹಾಕ್ತೀವೋ ಹೆಚ್ಚುಕಡಿಮೆ ಅದೇ ಬೇರಿಗೆ ಸಿಗೋದು.

ಇನ್ನೊಂದು ವಿಷಯ ಗಮನಿಸಿದೆ. ನೆಟ್ ಹರಿದ ಕಡೆ, ಬಿಸಿಲು ನೇರ ಬೀಳೋ ಸಾಲಲ್ಲಿ ಕಪ್ಪು ಕಾಯಿ ಜಾಸ್ತಿ. ಕ್ಯಾಲ್ಸಿಯಂ ನೀರಿನ ಜೊತೆಗೇ ಮೇಲೆ ಹೋಗುತ್ತೆ. ಸುಡು ಬಿಸಿಲಲ್ಲಿ ಎಲೆಗಳು ನೀರನ್ನು ಎಳ್ಕೊಂಡುಬಿಡುತ್ತವೆ, ಕಾಯಿಗೆ ಹೋಗೋದು ಅಲ್ಪ. ನೆರಳು ಆ ಎಳೆತವನ್ನು ತಗ್ಗಿಸುತ್ತೆ. ಬಿಸಿಲಿಗೆ ಕಾಯಿ ಸುಡೋದೂ ತಪ್ಪುತ್ತೆ.

ಹಾಗಂತ ನೆರಳು ಹೆಚ್ಚಿದಷ್ಟೂ ಒಳ್ಳೇದಲ್ಲ. 50% ನೆಟ್ ಅಂದ್ರೆ ಅರ್ಧ ಬೆಳಕು ಹೋಯ್ತು. ಬೆಳಕು ಕಮ್ಮಿಯಾದರೆ ಸಕ್ಕರೆ ತಯಾರಿ ಕಮ್ಮಿ, ಹೂವು ಉದುರುತ್ತೆ. ಅಮೋನಿಯಂ ಅನ್ನು ಬೇರಲ್ಲೇ ಅರಗಿಸಿಕೊಳ್ಳೋಕೆ ಆ ಸಕ್ಕರೆಯೇ ಬೇಕು. ಆದ್ದರಿಂದ ಮಳೆಗಾಲದ ಮೋಡದಲ್ಲಿ ನೆಟ್ಟೂ ಇದ್ದು ಅಮೋನಿಯಮ್ಮೂ ಜಾಸ್ತಿ ಇದ್ದರೆ ಗಿಡಕ್ಕೆ ಎರಡೂ ಕಡೆಯಿಂದ ಹೊಡೆತ. ಸಾಮಾನ್ಯವಾಗಿ ಒಟ್ಟು ಸಾರಜನಕದಲ್ಲಿ ಅಮೋನಿಯಂ 10% ದಾಟದಂತೆ ನೋಡ್ಕೋತಾರೆ. ಬಿಸಿಲು ಕಡಿಮೆ ಇರೋ ದಿನ ನೆಟ್ ಸರಿಸೋ ಹಾಗಿದ್ದರೆ ಇನ್ನೂ ಒಳ್ಳೇದು.

ಚಿಕ್ಕಪ್ಪ ಹಳೇ ಲೆಕ್ಕಕ್ಕೇ ವಾಪಸ್ ಹೋದರು, ನೆಟ್ ಹೊಲಿಸಿದರು. ಕಪ್ಪಾದ ಕಾಯಿ ಸರಿಹೋಗಲ್ಲ, ಅವನ್ನು ಕಿತ್ತು ಹಾಕಿದ್ದಾಯ್ತು. ಆಮೇಲೆ ಕಟ್ಟಿದ ಕಾಯಿ ಚೆನ್ನಾಗಿ ಬಂತು. ವರ್ಷವಿಡೀ ಹರಿಯೋ ನದಿ ಒಂದೂ ಇಲ್ಲದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿಂದ ನೀರು ಎತ್ತುತ್ತಾರೆ. ಕಿತ್ತು ಬಿಸಾಕಿದ ಪ್ರತಿ ಕಾಯಲ್ಲೂ ಆ ನೀರಿತ್ತು. ನಿಮ್ಮ ಮನೆಯಲ್ಲೂ ಕ್ಯಾಪ್ಸಿಕಂ ಬೆಳೆದರೆ, ಔಷಧಿ ಅಂಗಡಿಗೆ ಹೋಗೋ ಮೊದಲು ಗೊಬ್ಬರದ ಚೀಲದ ಮೇಲೆ ಏನು ಬರೆದಿದೆ ಅಂತ ಒಮ್ಮೆ ಓದಿ.