ಪಾವಗಡದ ಬಿಸಿಲಿಗೆ ಲೆಕ್ಕ ಹಾಕುವ ಚಿಪ್

ಕೊರಟಗೆರೆ, ಮಧುಗಿರಿ ದಾಟಿ ಪಾವಗಡದ ತಿರುಮಣಿ ಸೇರಿದರೆ ಎತ್ತ ನೋಡಿದರೂ ಸೌರಫಲಕ. 13 ಸಾವಿರ ಎಕರೆ, 2,050 ಮೆಗಾವಾಟ್, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಗುತ್ತಿಗೆ, 2018ರ ಮಾರ್ಚ್‌ನಲ್ಲಿ ಉದ್ಘಾಟನೆ: ಇದೆಲ್ಲ ಓದುಗರಿಗೆ ಗೊತ್ತಿರುವುದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಗುಂಯ್‌ಗುಡುತ್ತಿದ್ದ ಇನ್ವರ್ಟರ್ ಕೋಣೆ.

ಫಲಕ ಕೊಡುವುದು ಡಿಸಿ ಕರೆಂಟ್. ಗ್ರಿಡ್‌ಗೆ ಬೇಕಿರುವುದು ಸೆಕೆಂಡಿಗೆ 50 ಸಲ ಏರಿಳಿಯುವ ಸೈನ್ ಅಲೆ. ಇನ್ವರ್ಟರ್‌ನ ಚಿಪ್ ಸೆಕೆಂಡಿಗೆ ಸಾವಿರಾರು ಸಲ ಗ್ರಿಡ್ ಅಳೆದು, ಕೋನ ಕಂಡುಹಿಡಿದು, ಅದರ ಸೈನ್, ಕೊಸೈನ್ ಲೆಕ್ಕ ಹಾಕಿ ಸ್ವಿಚ್‌ಗಳನ್ನು ತಟ್ಟಬೇಕು. 10 ಸಾವಿರ ಸಲವೆಂದರೆ ಒಂದೊಂದು ಸರದಿಗೆ ಸಿಗುವುದು 100 ಮೈಕ್ರೊಸೆಕೆಂಡ್.

ಸಾಮಾನ್ಯ ಚಿಪ್‌ಗೆ ಕೂಡುವುದು, ಗುಣಿಸುವುದು ಬರುತ್ತದೆ, ಸೈನ್ ಬರುವುದಿಲ್ಲ. ಸಾಫ್ಟ್‌ವೇರ್ ಹತ್ತಾರು ಸೂಚನೆಗಳಲ್ಲಿ ಅದನ್ನು ಕಟ್ಟಬೇಕು. 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಇಂಥ ಕೆಲಸಕ್ಕೆಂದೇ ಮಾರುವ ಸಿ-2000 ಸಾಲಿನ ಕೆಲವು ಚಿಪ್‌ಗಳಲ್ಲಿ ಸೈನ್, ಕೊಸೈನ್, ಭಾಗಾಕಾರ, ವರ್ಗಮೂಲಗಳಿಗೆ ಒಂದೊಂದು ಸೂಚನೆಯನ್ನೇ ಇಟ್ಟಿದೆ. ಸೈನ್‌ನ ಉತ್ತರ ನಾಲ್ಕೇ ಕ್ಲಾಕ್ ಸೈಕಲ್‌ನಲ್ಲಿ! ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಕೋನದ ಅಳತೆ. ರೇಡಿಯನ್ ಇಲ್ಲ, ಡಿಗ್ರಿ ಇಲ್ಲ. ಪೂರ್ತಿ ಒಂದು ಸುತ್ತು ಅಂದರೆ 1. ಕೋನ ಎಷ್ಟೇ ಸುತ್ತು ಹಾಕಿರಲಿ, ಪೂರ್ಣಾಂಕ ಬಿಟ್ಟು ದಶಮಾಂಶ ಉಳಿಸಿಕೊಂಡರಾಯಿತು. ಇನ್ವರ್ಟರ್‌ನ ಕೆಲಸ ಬಲ್ಲವರಿಗೆ ಮಾತ್ರ ಹೊಳೆಯುವ ಜಾಣತನವಿದು.

ಹಾಗಂತ ಸೂಚನೆ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇಂಟೆಲ್ 1987ರ 80387 ಚಿಪ್‌ನಲ್ಲೇ ಸೈನ್ ಸೂಚನೆ ಕೊಟ್ಟಿತ್ತು. ಇಂದಿನ 64 ಬಿಟ್ ಪಿಸಿಗಳ ಗಣಿತ ಲೈಬ್ರರಿಗಳು ಸಾಮಾನ್ಯವಾಗಿ ಅದರ ಗೊಡವೆಗೇ ಹೋಗುವುದಿಲ್ಲ. ಆ ಒಂದು ಸೂಚನೆ ಚಿಪ್‌ನೊಳಗೆ ಹಲವು ಹೆಜ್ಜೆಗಳಾಗಿ ಒಡೆದು ನಿಧಾನವಾಗುತ್ತದೆ, ಪೈ ಸಮೀಪದ ಕೋನಗಳಲ್ಲಿ ನಿಖರತೆಯೂ ಕುಸಿಯುತ್ತದೆ. ಕೂಡಿ ಗುಣಿಸುವ ಹಳೆ ದಾರಿಯೇ ಅಲ್ಲಿ ವಾಸಿ. ಪಿಸಿಗೆ ಯಾವ ಕೋನ ಬರುತ್ತದೋ ಹೇಳಲಾಗದು. ಇನ್ವರ್ಟರ್‌ಗೆ ಒಂದೇ ಸುತ್ತು, 32 ಬಿಟ್ ನಿಖರತೆ ಸಾಕು.

ಮದ್ರಾಸ್ ಐಐಟಿಯ 'ಶಕ್ತಿ' ಪ್ರೊಸೆಸರ್‌ಗೆ ಆಧಾರವಾದ ರಿಸ್ಕ್-ಫೈವ್ ಎಂಬ ಸೂಚನಾ ವ್ಯವಸ್ಥೆ ಇನ್ನೊಂದು ತುದಿ. ಅದರ ಮೂಲ ಸೂಚನಾಗುಚ್ಛದಲ್ಲಿ ಗುಣಾಕಾರವೂ ಇಲ್ಲ, ಬೇಕಾದವರು ಸೇರಿಸಿಕೊಳ್ಳಬೇಕು.

ಸಿರಾ, ಮಧುಗಿರಿ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬರೀ ಮೆಗಾಹರ್ಟ್ಸ್ ನೋಡಿ ಬೋರ್ಡ್ ಕೊಳ್ಳಬೇಡಿ. ನಿಮ್ಮದೇ ಒಂದು ಪ್ರೋಗ್ರಾಮನ್ನು ರಿಸ್ಕ್-ಫೈವ್‌ಗೆ ಗುಣಾಕಾರದ ಸೂಚನೆ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ ಕಂಪೈಲ್ ಮಾಡಿ, ಎರಡರ ಅಸೆಂಬ್ಲಿಯನ್ನೂ ಅಕ್ಕಪಕ್ಕ ಇಟ್ಟು ಓದಿ.