ರಾಟೆಯ ಕಾರ್ಖಾನೆ, ಬೂಟಿನ ಕಾರ್ಖಾನೆ: ಉತ್ಪಾದನಾ ನಿರ್ವಹಣೆಯ ಮೂಲತತ್ತ್ವಗಳ ಒಂದು ಐತಿಹಾಸಿಕ ವಿವೇಚನೆ

ವಾಣಿಜ್ಯಶಾಸ್ತ್ರದ ಪಠ್ಯಗಳಲ್ಲಿ ಉತ್ಪಾದನಾ ನಿರ್ವಹಣೆಯ ಅಧ್ಯಾಯವು ಸಾಮಾನ್ಯವಾಗಿ ಒಂದು ಲಕ್ಷಣವಾಕ್ಯದಿಂದ ಮೊದಲಾಗುತ್ತದೆ. ಸಾಮಗ್ರಿ, ಶ್ರಮ, ಯಂತ್ರ, ಬಂಡವಾಳ ಇವುಗಳನ್ನು ಒಂದುಗೂಡಿಸಿ, ಬೇಕಾದ ವಸ್ತುವನ್ನು ಬೇಕಾದ ಗುಣದಲ್ಲಿ, ಬೇಕಾದ ಪ್ರಮಾಣದಲ್ಲಿ, ಬೇಕಾದ ಕಾಲಕ್ಕೆ, ತಕ್ಕ ವೆಚ್ಚದಲ್ಲಿ ಒದಗಿಸುವ ವಿದ್ಯೆಯೇ ಇದು ಎಂಬುದು ಅದರ ಸಾರ. ಲಕ್ಷಣವೇನೋ ನಿರ್ದುಷ್ಟವಾಗಿದೆ. ಆದರೆ ವಾಣಿಜ್ಯ ವಿಭಾಗದ ಮಿತ್ರರೊಬ್ಬರ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು, ಈ ‘ಬೇಕಾದ’ಗಳಲ್ಲಿ ಯಾವುದು ತಪ್ಪಿದರೆ ಕಾರ್ಖಾನೆ ಮುಳುಗುತ್ತದೆ ಎಂದು ಕೇಳಿದನಂತೆ. ಮಿತ್ರರು ಆ ಪ್ರಶ್ನೆಯನ್ನು ನಗುತ್ತ ನನಗೆ ದಾಟಿಸಿದರು. ಇತಿಹಾಸದ ಅಧ್ಯಾಪಕನಿಗೆ ಲಕ್ಷಣದಿಂದ ಉತ್ತರ ಹೇಳುವ ಅಭ್ಯಾಸವಿಲ್ಲ. ನಿದರ್ಶನವೇ ಅವನಿಗೆ ಗತಿ. ಒಬ್ಬನೇ ಮನುಷ್ಯನು ಒಂದೇ ವಿಧಾನದಿಂದ ನಡೆಸಿದ ಎರಡು ಪ್ರಯೋಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಪ್ರಶ್ನೆಗೆ ಒಂದು ದಾರಿ ಕಾಣುತ್ತದೆಂದು ನನ್ನ ನಂಬಿಕೆ.

ಆ ಮನುಷ್ಯನು ಮಾರ್ಕ್ ಇಸಂಬಾರ್ಡ್ ಬ್ರೂನೆಲ್. 1769ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಹುಟ್ಟಿದವನು; ರಾಜಪಕ್ಷದವನಾದ ಕಾರಣ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ದೇಶ ಬಿಟ್ಟು ಅಮೆರಿಕಕ್ಕೆ ಹೋದನು; ಅಲ್ಲಿಂದ 1799ರಲ್ಲಿ ಇಂಗ್ಲೆಂಡಿಗೆ ಬಂದನು. ಇಂಗ್ಲೆಂಡು ಆಗ ಫ್ರಾನ್ಸಿನೊಡನೆ ಯುದ್ಧನಿರತವಾಗಿದ್ದು, ಅದರ ರಕ್ಷಣೆಯೆಲ್ಲ ಹಡಗುಗಳನ್ನು ಅವಲಂಬಿಸಿತ್ತು. ಹಾಯಿಹಡಗೆಂದರೆ ಹಗ್ಗಗಳ ಜಾಲ; ಹಗ್ಗವಿದ್ದಲ್ಲಿ ರಾಟೆ ಬೇಕು. ನಮ್ಮ ಬಾವಿಕಟ್ಟೆಗಳ ಮೇಲೆ ನೀರು ಸೇದುವ ರಾಟೆಯನ್ನು ಕಂಡವರಿಗೆ ಅದರ ರಚನೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎಲ್ಮ್ ಮರದ ಗಟ್ಟಿ ಗೂಡು. ಅದರೊಳಗೆ ಲಿಗ್ನಮ್ ವೈಟೆ ಎಂಬ ಅತಿ ಕಠಿನವಾದ ಮರದ ಗಾಲಿ. ಗಾಲಿ ತಿರುಗಲು ಕಬ್ಬಿಣದ ಕೀಲು. ಇಷ್ಟೇ. ಆದರೆ 74 ಫಿರಂಗಿಗಳ ಒಂದು ಯುದ್ಧನೌಕೆಗೆ ಇಂತಹ ರಾಟೆಗಳು ಸುಮಾರು ಸಾವಿರ ಬೇಕಾಗುತ್ತಿದ್ದವು. ಇಡೀ ನೌಕಾಬಲಕ್ಕೆ ವರ್ಷಕ್ಕೆ 1,00,000ದಷ್ಟು ಬೇಕಾಗುತ್ತಿದ್ದವು. ಒಂದು ರಾಟೆ ಸಿಕ್ಕಿಕೊಂಡರೆ ಒಂದು ಹಾಯಿ ಏರದು. ಕಾಳಗದ ನಡುವೆ ಹಾಯಿ ಏರದಿದ್ದರೆ ಏನಾದೀತೆಂಬುದನ್ನು ಊಹಿಸಬಹುದು.

ಈ ರಾಟೆಗಳನ್ನು ಬಹುಕಾಲದಿಂದ ಒದಗಿಸುತ್ತಿದ್ದುದು ಸೌತಾಂಪ್ಟನ್ನಿನ ಫಾಕ್ಸ್ ಮತ್ತು ಟೇಲರ್ ಸಂಸ್ಥೆ. ಬ್ರೂನೆಲ್ ತನ್ನ ಯಂತ್ರಗಳ ಯೋಜನೆಯನ್ನು ಮೊದಲು ಅವರ ಮುಂದೆಯೇ ಇಟ್ಟನು. ಈಗಿರುವ ಕ್ರಮಕ್ಕಿಂತ ಉತ್ತಮವಾದುದು ಸಾಧ್ಯವೆಂದು ತಮಗೆ ತೋರುವುದಿಲ್ಲವೆಂದು ಅವರು ನಿರಾಕರಿಸಿದರು. ಇದನ್ನು ಮೂಢತನವೆಂದು ಹೇಳುವುದು ನ್ಯಾಯವಲ್ಲ. ಅವರ ಕಾರ್ಖಾನೆಯಲ್ಲಿ ಆ ಮೊದಲೇ ವೃತ್ತಾಕಾರದ ಗರಗಸಗಳಿದ್ದವು. ಅವರ ರಾಟೆಗಳಿಗೆ ಒಳ್ಳೆಯ ಹೆಸರಿತ್ತು. ಒಂದೊಂದು ಉಪಕರಣವನ್ನು ಸುಧಾರಿಸುವುದು ಅವರಿಗೆ ಗೊತ್ತಿತ್ತು. ಬ್ರೂನೆಲ್ ಸುಧಾರಿಸಹೊರಟಿದ್ದುದು ಉಪಕರಣಗಳ ನಡುವಣ ಸಂಬಂಧವನ್ನು.

ಯೋಜನೆಗೆ ಆಶ್ರಯವಿತ್ತವನು ನೌಕಾಬಲದ ಕಾಮಗಾರಿಗಳ ಮಹಾ ತಪಾಸಣಾಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಬೆಂಥಮ್. ದಾರ್ಶನಿಕ ಜೆರೆಮಿ ಬೆಂಥಮನ ತಮ್ಮನಾದ ಈತನು ಪೋರ್ಟ್ಸ್‌ಮತ್ ಹಡಗುಕಟ್ಟೆಗೆ ಉಗಿಯಂತ್ರವನ್ನು ತರಿಸಿದ್ದನು. 1802ರಲ್ಲಿ ಒಪ್ಪಿಗೆ ದೊರೆಯಿತು. ಯಂತ್ರಗಳನ್ನು ಕಟ್ಟಿಕೊಟ್ಟವನು ಲೋಹಗೆಲಸದಲ್ಲಿ ಆ ಕಾಲದ ಅಗ್ರಗಣ್ಯನಾದ ಹೆನ್ರಿ ಮಾಡ್ಸ್‌ಲೆ. ಮಧ್ಯಮ ಗಾತ್ರದ ರಾಟೆಗಳಿಗೆ ಒಂದು ಯಂತ್ರಶ್ರೇಣಿ 1803ರ ಆರಂಭದಲ್ಲಿ, ಸಣ್ಣವಕ್ಕೆ ಇನ್ನೊಂದು ಅದೇ ವರ್ಷದಲ್ಲಿ, ದೊಡ್ಡವಕ್ಕೆ ಮತ್ತೊಂದು 1805ರಲ್ಲಿ ಸ್ಥಾಪಿತವಾದವು. ಟ್ರಫಾಲ್ಗರ್ ಕಾಳಗಕ್ಕೆ ಹೊರಟ ದಿನ ಬೆಳಗ್ಗೆ ನೆಲ್ಸನ್ನನು ಇಲ್ಲಿಗೆ ಬಂದು ನೋಡಿಹೋದನು. 1808ರಲ್ಲಿ ಇಲ್ಲಿ ತಯಾರಾದ ರಾಟೆಗಳ ಸಂಖ್ಯೆ 1,30,000.

ಈ ಸಂಖ್ಯೆಯ ಹಿಂದಿರುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಉತ್ಪಾದನಾ ನಿರ್ವಹಣೆಯ ಮೊದಲ ಪಾಠಗಳೆಲ್ಲ ಅದರಲ್ಲಿ ಅಡಗಿವೆ. ದಿಮ್ಮಿಯನ್ನು ತುಂಡುಗಳಾಗಿ ಕೊಯ್ಯುವುದು, ಕೀಲಿಗೆ ರಂಧ್ರ ಕೊರೆಯುವುದು, ಗಾಲಿ ಕೂರುವ ಉದ್ದ ಗಂಡಿಯನ್ನು ಉಳಿಯಿಂದ ಕಡಿಯುವುದು, ಮೂಲೆಗಳನ್ನು ಕತ್ತರಿಸುವುದು, ಹೊರಮೈಯನ್ನು ಬಾಗಿಸಿ ಕೆತ್ತುವುದು, ಹಗ್ಗ ಕೂರಲು ಕಚ್ಚು ಮಾಡುವುದು. ಗೂಡಿಗೆ ಇಷ್ಟು ಹಂತಗಳು. ಗಾಲಿಗೆ ಪ್ರತ್ಯೇಕವಾದ ಹಂತಗಳು. ಕೀಲಿಗೆ ಮತ್ತೆ ಬೇರೆ. ಪ್ರತಿಯೊಂದು ಹಂತಕ್ಕೂ ಆ ಒಂದೇ ಕೆಲಸವನ್ನು ಮಾಡುವ ಯಂತ್ರ. ಒಟ್ಟು 45 ಯಂತ್ರಗಳು ಹೀಗೆ ಕ್ರಮವಾಗಿ ನಿಂತವು. ರಂಧ್ರ ಕೊರೆಯುವ ಯಂತ್ರವು ಮರದ ತುಂಡಿನ ಮೇಲೆ ಒಂದು ಗುರುತನ್ನು ಒತ್ತುತ್ತಿತ್ತು. ಮುಂದಿನ ಯಂತ್ರಗಳು ಅದೇ ಗುರುತಿನಲ್ಲಿ ತುಂಡನ್ನು ಹಿಡಿಯುತ್ತಿದ್ದವು. ಆದುದರಿಂದ ಅಳೆಯುವ, ಗೆರೆ ಎಳೆಯುವ, ಕಣ್ಣಳತೆಯಿಂದ ಸರಿಪಡಿಸುವ ಕೆಲಸವೆಲ್ಲ ತಪ್ಪಿತು. ಗುಣಪರೀಕ್ಷೆಯೆಂಬುದು ಕೊನೆಯಲ್ಲಿ ನಡೆಯುವ ಒಂದು ವಿಧಿಯಾಗದೆ, ವಸ್ತುವನ್ನು ಹಿಡಿಯುವ ರೀತಿಯಲ್ಲಿಯೇ ಸೇರಿಹೋಯಿತು. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಅಂಶ ಈ ಪುಟ್ಟ ಗುರುತು.

ಇನ್ನು ವೇಗದ ಮಾತು. ವರ್ಷಕ್ಕೆ 300 ಕೆಲಸದ ದಿನಗಳೆಂದು ಇಟ್ಟುಕೊಂಡರೆ, 1,30,000 ಎಂಬುದು ದಿನಕ್ಕೆ 430ಕ್ಕೂ ಮೇಲಾಯಿತು. ಹಾಗಾದರೆ ಪ್ರತಿ ಹಂತವೂ ದಿನಕ್ಕೆ ಅಷ್ಟನ್ನು ದಾಟಿಸಲೇಬೇಕು. ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ: ರಂಧ್ರ ಕೊರೆಯಲು ಎರಡು ನಿಮಿಷವೂ ಗಂಡಿ ಕಡಿಯಲು ನಾಲ್ಕು ನಿಮಿಷವೂ ಹಿಡಿದರೆ, ಕೊರೆಯುವವನು ಎಷ್ಟು ಚುರುಕಾದರೂ ಗಂಟೆಗೆ ಹೊರಬರುವುದು ಹದಿನೈದೇ ರಾಟೆ; ಉಳಿದ ಹದಿನೈದು ತುಂಡುಗಳು ಎರಡು ಯಂತ್ರಗಳ ನಡುವೆ ರಾಶಿಯಾಗುತ್ತವೆ. ಕೊರೆಯುವವನಿಗೆ ಬಹುಮಾನ ಕೊಟ್ಟು ಹುರಿದುಂಬಿಸಿದರೆ ರಾಶಿ ಬೆಳೆಯುವುದೇ ಹೊರತು ರಾಟೆ ಹೆಚ್ಚುವುದಿಲ್ಲ. ಗಂಡಿ ಕಡಿಯುವ ಇನ್ನೊಂದು ಯಂತ್ರವನ್ನು ಹಾಕುವುದೇ ಪರಿಹಾರ. ಇಡೀ ಶ್ರೇಣಿಯ ಸಾಮರ್ಥ್ಯವು ಅದರ ಅತಿ ನಿಧಾನವಾದ ಘಟ್ಟದ ಸಾಮರ್ಥ್ಯವೇ. ಹೊರಮೈ ಕೆತ್ತುವ ಯಂತ್ರವಂತೂ ಒಂದು ದೊಡ್ಡ ಚಕ್ರದ ಅಂಚಿನಲ್ಲಿ ಹತ್ತು ರಾಟೆಗಳನ್ನು ಒಟ್ಟಿಗೆ ಕಟ್ಟಿ ತಿರುಗಿಸುತ್ತಿತ್ತು. ಒಮ್ಮೆಗೆ ಹತ್ತಾಗುವುದು ಲಾಭವೇ. ಆದರೆ ಹತ್ತು ತುಂಡುಗಳು ಕೂಡುವ ತನಕ ಮೊದಲನೆಯದು ಕಾಯಬೇಕು. ಕಾಯುವಿಕೆಗೂ ಬೆಲೆಯುಂಟು ಎಂಬುದನ್ನು ಕಾರ್ಖಾನೆಯ ಲೆಕ್ಕಪುಸ್ತಕಗಳು ಬಹುಕಾಲ ಗಮನಿಸಲೇ ಇಲ್ಲ.

ಹಿಂದೆ 110 ಕುಶಲಕರ್ಮಿಗಳು ಮಾಡುತ್ತಿದ್ದುದನ್ನು ಈಗ ಹತ್ತು ಮಂದಿ ಸಾಮಾನ್ಯ ಕೆಲಸಗಾರರು ಮಾಡಿದರೆಂಬ ಮಾತು ಎಲ್ಲ ಪುಸ್ತಕಗಳಲ್ಲಿಯೂ ಬರುತ್ತದೆ. ಯಂತ್ರಗಳನ್ನು ರಿಪೇರಿ ಮಾಡುವವರು, ಉಗಿಯಂತ್ರಕ್ಕೆ ಕಲ್ಲಿದ್ದಲು ಹಾಕುವವರು ಮೊದಲಾದವರನ್ನು ಬಿಟ್ಟು ಹೇಳುವ ಇಂತಹ ಲೆಕ್ಕಗಳನ್ನು ಸ್ವಲ್ಪ ಎಚ್ಚರದಿಂದಲೇ ಸ್ವೀಕರಿಸಬೇಕು. ಅದೇನೇ ಇರಲಿ, ಉಳಿತಾಯ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಒಂದು ವರ್ಷದ ಉಳಿತಾಯವೆಂದು ಎಣಿಸಿದ ಸುಮಾರು 17,000 ಪೌಂಡುಗಳನ್ನು ಸರ್ಕಾರವು ಬ್ರೂನೆಲನಿಗೆ ಸಂಭಾವನೆಯಾಗಿ ಕೊಟ್ಟಿತು. ಈ ಉಳಿತಾಯ ಎಲ್ಲಿಂದ ಬಂದಿತೆಂಬುದನ್ನು 1832ರಲ್ಲಿ ಚಾರ್ಲ್ಸ್ ಬ್ಯಾಬೇಜನು ಸ್ಪಷ್ಟವಾಗಿ ವಿವರಿಸಿದನು. ಒಬ್ಬನೇ ಕುಶಲನು ಕೆಲಸವನ್ನೆಲ್ಲ ಮಾಡಿದರೆ, ಅದರ ಸುಲಭವಾದ ಭಾಗಕ್ಕೂ ಅವನ ಪೂರ್ಣ ಕೂಲಿಯನ್ನೇ ಕೊಡಬೇಕು. ಕೆಲಸವನ್ನು ಬಿಡಿಸಿದರೆ ಪ್ರತಿ ಭಾಗಕ್ಕೂ ಅದಕ್ಕೆ ಬೇಕಾದಷ್ಟೇ ಕುಶಲತೆಯನ್ನು ಕೊಂಡರೆ ಸಾಕು. ಒಡೆಯನಿಗೆ ಇದು ಮಿತವ್ಯಯ. ಏಳು ವರ್ಷ ಶಿಷ್ಯವೃತ್ತಿ ಮಾಡಿ ವಿದ್ಯೆ ಕಲಿತವನಿಗೆ ಇದು ಏನೆಂಬುದನ್ನು ಬ್ಯಾಬೇಜನು ಅಷ್ಟಾಗಿ ವಿಚಾರಿಸಲಿಲ್ಲ. ನಮ್ಮ ಪಠ್ಯಗಳಿಗೂ ಆ ವಿಷಯದಲ್ಲಿ ಅವನ ಸ್ವಭಾವವೇ ಬಂದಿದೆ.

ಇನ್ನು ಎರಡನೆಯ ಕಾರ್ಖಾನೆ. 1809ರಲ್ಲಿ ಸ್ಪೇನಿನ ಕೊರುನ್ನಾದಿಂದ ಹಿಮ್ಮೆಟ್ಟಿ ಬಂದ ಸೈನಿಕರು ಪೋರ್ಟ್ಸ್‌ಮತ್‌ನಲ್ಲಿ ಇಳಿದಾಗ ಬ್ರೂನೆಲ್ ಅವರ ಕಾಲುಗಳನ್ನು ನೋಡಿದನು. ಬೂಟುಗಳು ಹರಿದು ಚಿಂದಿಯಾಗಿದ್ದವು. ಕಾಲುಗಳಿಗೆ ಬಟ್ಟೆ ಸುತ್ತಿತ್ತು. ಗುತ್ತಿಗೆದಾರರು ಒದಗಿಸಿದ ಬೂಟಿನ ಅಟ್ಟೆಯ ಪದರಗಳ ನಡುವೆ ಜೇಡಿಮಣ್ಣು ಸಹ ಇತ್ತೆಂದು ಹೇಳುತ್ತಾರೆ. ಮರುವರ್ಷವೇ ಅವನು ಬೂಟು ತಯಾರಿಸುವ ಯಂತ್ರಗಳಿಗೆ ಏಕಸ್ವಾಮ್ಯದ ಸನದು ಪಡೆದು, ಲಂಡನ್ನಿನ ಬ್ಯಾಟರ್ಸಿಯಲ್ಲಿ ಕಾರ್ಖಾನೆಯನ್ನು ತೆರೆದನು. ಅದನ್ನು ಕಣ್ಣಾರೆ ಕಂಡ ಸರ್ ರಿಚರ್ಡ್ ಫಿಲಿಪ್ಸ್ ಎಂಬ ಪ್ರಕಾಶಕನು 1817ರಲ್ಲಿ ಅಚ್ಚಾದ ತನ್ನ ಕಾಲ್ನಡಿಗೆಯ ವೃತ್ತಾಂತದಲ್ಲಿ ವಿವರವಾಗಿ ಬರೆದಿದ್ದಾನೆ. ಪ್ರತಿಯೊಂದು ಜೋಡೂ 25 ಕೈಗಳನ್ನು ದಾಟುತ್ತಿತ್ತು. ದಿನಕ್ಕೆ 100 ಜೊತೆ ಸಿದ್ಧವಾಗುತ್ತಿದ್ದವು. ಕೆಲಸಗಾರರಲ್ಲಿ ಜೋಡು ಹೊಲಿಯುವ ಕಸಬಿನವರಿರಲಿಲ್ಲ. ಅವರೆಲ್ಲರೂ ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರು. ಹಿಂದಿನವನು ಏನು ಮಾಡಿದ, ಮುಂದಿನವನು ಏನು ಮಾಡುವನು ಎಂಬುದನ್ನು ತಿಳಿಯುವ ಅಗತ್ಯವಿಲ್ಲದೆ, ತಮ್ಮ ತಮ್ಮ ಹಂತವನ್ನು ಅವರು ಕೆಲವೇ ಗಂಟೆಗಳಲ್ಲಿ ಕಲಿಯುತ್ತಿದ್ದರು.

ರಾಟೆಯ ಕಾರ್ಖಾನೆಯ ಗುಣಗಳೆಲ್ಲವೂ ಇಲ್ಲಿ ಇದ್ದವು: ಏಕರೂಪದ ವಸ್ತು, ಗೊತ್ತಾದ ಗಾತ್ರಗಳು, ಹಂತಗಳ ಕ್ರಮ, ಒಳ್ಳೆಯ ಗುಣ, ತಗ್ಗಿದ ವೆಚ್ಚ. ಅದೂ ಅಲ್ಲದೆ, ಅಂಗಹೀನರಾದವರಿಗೆ ಅನ್ನದ ದಾರಿ. ಸರ್ಕಾರವೂ ಮೆಚ್ಚಿ ಕೊಂಡುಕೊಳ್ಳುತ್ತಿತ್ತು. 1815ರ ಜೂನ್ 18ರಂದು ವಾಟರ್ಲೂನಲ್ಲಿ ನೆಪೋಲಿಯನ್ನನು ಸೋತನು. ಸೈನ್ಯ ಕುಗ್ಗಿತು, ಬೂಟುಗಳು ಬೇಡವಾದವು, ಮಾರಾಟವಾಗದ ದಾಸ್ತಾನು ಬ್ರೂನೆಲನ ತಲೆಯ ಮೇಲೆ ಉಳಿಯಿತು.

ಎರಡು ಕಾರ್ಖಾನೆಗಳ ಗಿರಾಕಿಯೂ ಸರ್ಕಾರವೇ, ಎರಡರ ಬೇಡಿಕೆಯೂ ಯುದ್ಧದಿಂದ ಹುಟ್ಟಿದುದೇ. ಶಾಂತಿ ಬಂದ ಮೇಲೆ ನೌಕಾಬಲಕ್ಕೂ ಅಷ್ಟು ರಾಟೆಗಳು ಬೇಕಾಗಲಿಲ್ಲ. ಆದರೆ ಪೋರ್ಟ್ಸ್‌ಮತ್‌ನಲ್ಲಿ ಕಾರ್ಖಾನೆಯ ಒಡೆಯನೂ ರಾಟೆಯನ್ನು ಬಳಸುವವನೂ ಒಬ್ಬನೇ; ಯಂತ್ರ ನಿಂತರೆ ಅದರ ನಷ್ಟ ಬೊಕ್ಕಸದ್ದು. ಬ್ಯಾಟರ್ಸಿಯಲ್ಲಿ ಬಂಡವಾಳ ಬ್ರೂನೆಲನದು, ನಿರ್ಧಾರ ಮಾತ್ರ ಇನ್ನೊಬ್ಬರದು. ದಿನಕ್ಕೆ 100 ಜೊತೆ ಮಾಡಬಲ್ಲ ಶ್ರೇಣಿಯು ಕೊಳ್ಳುವವರಿಲ್ಲದೆ 25 ದಿನ ನಡೆದರೆ 2,500 ಜೊತೆಗಳ ತೊಗಲು, ಮೊಳೆ, ಕೂಲಿ ಎಲ್ಲವೂ ಉಗ್ರಾಣದಲ್ಲಿ ಹೂತುಹೋಗುತ್ತವೆ. ನಿಲ್ಲಿಸಿದರೆ ಯಂತ್ರಕ್ಕೆ ಹಾಕಿದ ಹಣ ಸತ್ತಂತೆ. ನಡೆಸಿದರೆ ದಾಸ್ತಾನು ಬೆಳೆಯುತ್ತದೆ. ಕೈಕೆಲಸದವನಿಗೆ ಈ ಇಕ್ಕಟ್ಟಿಲ್ಲ. ಅವನು ಕೇಳಿದವರಿಗೆ ಒಂದು ಜೊತೆ ಹೊಲಿದು, ಕೇಳದಿದ್ದರೆ ಉಳಿಯನ್ನು ಬದಿಗಿಡುತ್ತಾನೆ. ವಿದ್ಯಾರ್ಥಿಯ ಪ್ರಶ್ನೆಗೆ ನಾನು ಕೊಡುವ ಉತ್ತರ ಇದೇ: ‘ಬೇಕಾದ ಪ್ರಮಾಣ’ವೆಂಬುದು ಕಾರ್ಖಾನೆಯೊಳಗೆ ಹುಟ್ಟುವ ಸಂಖ್ಯೆಯಲ್ಲ. ಯಾರಿಗಾಗಿ, ಎಷ್ಟು, ಅವರು ಬೇಡವೆಂದ ದಿನ ನಷ್ಟ ಯಾರದು ಎಂಬ ಮೂರು ಪ್ರಶ್ನೆಗಳು ಯಂತ್ರವನ್ನು ಆರಿಸುವುದಕ್ಕೆ ಮುಂಚೆಯೇ ಇತ್ಯರ್ಥವಾಗಬೇಕು.

ಈ ಪಾಠವನ್ನು ಮುಂದೆ ಒಂದು ಕ್ರಮವಾಗಿಯೇ ರೂಪಿಸಿದವರು ಜಪಾನಿನ ಟೊಯೋಟಾದವರು. ಎರಡನೆಯ ಮಹಾಯುದ್ಧದ ಅನಂತರ, 1949ರಲ್ಲಿ, ಸರ್ಕಾರದ ಹಣಬಿಗಿತದಿಂದ ಬೇಡಿಕೆ ಕುಸಿದು ಅವರ ಗಾಡಿಗಳು ಮಾರಾಟವಾಗದೆ ಉಳಿದವು. 1950ರಲ್ಲಿ ಕೆಲಸಗಾರರನ್ನು ತೆಗೆಯಬೇಕಾಯಿತು, ಮುಷ್ಕರವಾಯಿತು, ಸಂಸ್ಥಾಪಕನಾದ ಕಿಇಚಿರೊ ಟೊಯೋಡನೇ ರಾಜೀನಾಮೆ ಕೊಟ್ಟನು. ಬಳಿಕ ತೈಇಚಿ ಓನೊ ಎಂಬ ಎಂಜಿನಿಯರನು ಅಲ್ಲಿ ಬೆಳೆಸಿದ ವಿಧಾನದಲ್ಲಿ, ಹಿಂದಿನ ಹಂತವು ತಾನು ಮಾಡಿದ್ದನ್ನು ಮುಂದಕ್ಕೆ ತಳ್ಳುವುದಿಲ್ಲ. ಮುಂದಿನ ಹಂತವು ಬಂದು ತನಗೆ ಬೇಕಾದಷ್ಟನ್ನೇ ತೆಗೆದುಕೊಂಡು ಹೋಗುತ್ತದೆ. ತೆಗೆದುಕೊಂಡಷ್ಟನ್ನು ಮಾತ್ರ ಹಿಂದಿನವರು ಮತ್ತೆ ಮಾಡಬೇಕು. ಎಷ್ಟು ಬೇಕೆಂಬುದನ್ನು ಒಂದು ಚೀಟಿ ತಿಳಿಸುತ್ತದೆ. ಹೀಗೆ ಮಾರುಕಟ್ಟೆಯ ಬೇಡಿಕೆಯೇ ಹಂತಹಂತವಾಗಿ ಹಿಂದಕ್ಕೆ ನಡೆದು ಕಾರ್ಖಾನೆಯ ವೇಗವನ್ನು ಗೊತ್ತುಮಾಡುತ್ತದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರ ಕೊನೆಯಲ್ಲಿ ಗಾಡಿಗಳ ತಯಾರಿಕೆ ಮೊದಲಾದಾಗ ಈ ವಿಧಾನವೂ ನಮ್ಮ ನೆರೆಗೆ ಬಂದಿತು. ಆದರೆ ಇದೂ ನಿರ್ದೋಷವಲ್ಲ. ದಾಸ್ತಾನು ತೆಳುವಾದಷ್ಟೂ ಒಂದೆಡೆಯ ತಡೆ ಎಲ್ಲೆಡೆಯ ತಡೆಯಾಗುತ್ತದೆ. 2011ರ ಮಾರ್ಚಿಯಲ್ಲಿ ಈಶಾನ್ಯ ಜಪಾನಿನ ಭೂಕಂಪದ ಅನಂತರ ಬಿಡಿಭಾಗಗಳಿಲ್ಲದೆ ದೂರದ ದೇಶಗಳ ಮೋಟಾರು ಕಾರ್ಖಾನೆಗಳೂ ಕುಂಟಿದವು.

ಬ್ರೂನೆಲನ ಕತೆ ಮುಗಿಯುವ ಮುನ್ನ ಇನ್ನೊಂದು ಮಾತನ್ನು ಸೇರಿಸುವುದು ನ್ಯಾಯ. ಅವನ ಪತನಕ್ಕೆ ಬೂಟುಗಳೊಂದೇ ಕಾರಣವಲ್ಲ. 1814ರಲ್ಲಿ ಬ್ಯಾಟರ್ಸಿಯಲ್ಲೇ ಇದ್ದ ಅವನ ಮರ ಕೊಯ್ಯುವ ಕಾರ್ಖಾನೆ ಬೆಂಕಿಗೆ ಆಹುತಿಯಾಗಿತ್ತು. ಲೆಕ್ಕಪತ್ರಗಳ ವಿಷಯದಲ್ಲಿ ಅವನು ಅಷ್ಟೇನೂ ಜಾಗರೂಕನಾಗಿರಲಿಲ್ಲ. ಕೊನೆಗೆ ಅವನ ಹಣವಿದ್ದ ಬ್ಯಾಂಕೂ ದಿವಾಳಿಯಾಯಿತು. 1821ರ ಮೇ ತಿಂಗಳಲ್ಲಿ ಸಾಲಗಾರರ ಸೆರೆಮನೆಗೆ ಹೋದಾಗ ಪತ್ನಿ ಸೋಫಿಯಾ ಸಹ ಅವನೊಡನೆ ಹೋದಳು. ಅಲ್ಲಿಂದಲೇ ಅವನು ರಷ್ಯದ ಚಕ್ರವರ್ತಿಯೊಡನೆ ಪತ್ರವ್ಯವಹಾರ ನಡೆಸಿ, ಆ ದೇಶಕ್ಕೆ ಹೋಗಲು ಸಿದ್ಧನಾದನು. ಇಂತಹವನನ್ನು ಬಿಟ್ಟುಕೊಡಲಾರದೆ ಇಂಗ್ಲೆಂಡಿನ ಸರ್ಕಾರವು 5,000 ಪೌಂಡು ಮಂಜೂರು ಮಾಡಿ ಸಾಲ ತೀರಿಸಲು ನೆರವಾಯಿತು. ಆಗಸ್ಟಿನಲ್ಲಿ ಅವನು ಹೊರಗೆ ಬಂದನು. ಪೋರ್ಟ್ಸ್‌ಮತ್‌ನ ಯಂತ್ರಗಳು ಅದೇ ಕಾಲದಲ್ಲಿ ರಾಟೆಗಳನ್ನು ಮಾಡುತ್ತಲೇ ಇದ್ದವು. ಅವುಗಳಲ್ಲಿ ಕೆಲವು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ದುಡಿದು, ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿವೆ.