ಮರದ ಚಕ್ಕೆ ಮಣ್ಣಿನ ಸಾರ ಹೀರುತ್ತದೆಯೇ?

ಮರದ ಚಕ್ಕೆಯನ್ನೋ ಗರಗಸದ ಹೊಟ್ಟನ್ನೋ ತೋಟಕ್ಕೆ ಹಾಕಿದರೆ ಮಣ್ಣಿನ ಸಾರಜನಕವೆಲ್ಲ ಅದರ ಪಾಲಾಗಿ ಗಿಡ ಹಳದಿಗೆ ತಿರುಗುತ್ತದೆ ಎಂಬ ನಂಬಿಕೆ ಕೈತೋಟದವರಲ್ಲಿ ಗಟ್ಟಿಯಾಗಿದೆ. ಇದು ಪೂರ್ತಿ ಸುಳ್ಳಲ್ಲ. ಅದಕ್ಕೇ ಇಷ್ಟು ಕಾಲ ಬಾಳಿದೆ. ಕಾಂಡದ ಮರದಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ ಇರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಪ್ಪುವ ಆಹಾರದಲ್ಲಿ ಈ ಪ್ರಮಾಣ ಸುಮಾರು 25-30ಕ್ಕೆ ಒಂದು. ಕೊರತೆ ಬಿದ್ದದ್ದನ್ನು ಅವು ಸುತ್ತಲಿನ ಮಣ್ಣಿನಿಂದ ತುಂಬಿಕೊಳ್ಳುತ್ತವೆ. ಹೊಸ ಹೊಟ್ಟನ್ನು ಗುದ್ದಲಿ ಹಾಕಿ ಮಡಿಯಲ್ಲಿ ಬೆರೆಸಿ, ಹಿಂದೆಯೇ ಹರಿವೆಯನ್ನೋ ಪಾಲಕ್ಕನ್ನೋ ಬಿತ್ತಿದರೆ ಎಲೆ ಬಿಳಿಚಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ತಪ್ಪಿರುವುದು ಚಕ್ಕೆಯಲ್ಲಲ್ಲ, ಬೆರೆಸಿದ್ದರಲ್ಲಿ. ಅದೇ ಚಕ್ಕೆಯನ್ನು ಮಣ್ಣಿನ ಮೇಲೆ ಮೂರು-ನಾಲ್ಕು ಅಂಗುಲ ಹರಡಿದರೆ ಸಾರಜನಕದ ಎಳೆತ ಚಕ್ಕೆ ಮತ್ತು ಮಣ್ಣು ತಾಗುವ ತೆಳು ಪದರಕ್ಕಷ್ಟೇ ಸೀಮಿತ. ಬೇರುಗಳು ಅದರ ಕೆಳಗಿರುತ್ತವೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ತೋಟಗಾರಿಕೆ ತಜ್ಞೆ ಲಿಂಡಾ ಚಾಕರ್-ಸ್ಕಾಟ್ ವರ್ಷಗಳಿಂದ ಹೇಳುತ್ತ ಬಂದಿರುವುದೂ ಇದನ್ನೇ. ಆ ತೆಳು ಪದರದ ಬಡತನದಿಂದ ಲಾಭವೂ ಇದೆ: ಮೇಲೆ ಬಿದ್ದ ಕಳೆಬೀಜಕ್ಕೆ ಮೊಳೆಯಲು ಕಷ್ಟ. ಇನ್ನು, ಸೂಕ್ಷ್ಮಜೀವಿಗಳು ಹಿಡಿದಿಟ್ಟ ಸಾರಜನಕ ಎಲ್ಲಿಗೂ ಓಡಿಹೋಗುವುದಿಲ್ಲ. ಅವು ಸತ್ತಾಗ ಮಣ್ಣಿಗೇ ಮರಳುತ್ತದೆ. ಅದು ಕಳವಲ್ಲ, ಸಾಲ.

ಹಳೆಯ ಚಕ್ಕೆಯಾದರೆ ಈ ಸಾಲದ ಬಹುಪಾಲು ಆಗಲೇ ತೀರಿರುತ್ತದೆ. ಒಂದೆರಡು ಮಳೆಗಾಲ ಕಂಡ ರಾಶಿಯನ್ನು ಕೆದಕಿ ನೋಡಿ: ಒಳಗೆ ಕಪ್ಪುಕಂದು ಬಣ್ಣ, ಚಕ್ಕೆಗಳನ್ನು ಹೆಣೆದ ಬಿಳಿ ಎಳೆಗಳು, ಬೆರಳಲ್ಲಿ ಹಿಚುಕಿದರೆ ಪುಡಿ, ಮೊದಲ ಮಳೆಯ ನೆಲದ ವಾಸನೆ. ಆ ಬಿಳಿ ಎಳೆಗಳನ್ನು ಕಂಡು ರೋಗವೆಂದು ಬೆಚ್ಚುವವರಿದ್ದಾರೆ. ಸಾಮಾನ್ಯವಾಗಿ ಅವು ಸತ್ತ ಮರವನ್ನು ತಿಂದು ಬದುಕುವ ಶಿಲೀಂಧ್ರಗಳು. ಮರದ ಗಟ್ಟಿ ಲಿಗ್ನಿನ್ ಒಡೆಯುವ ಕಸುಬು ಮುಖ್ಯವಾಗಿ ಅವುಗಳದ್ದೇ. ಇಷ್ಟು ಕಳಿತದ್ದನ್ನು ಗೊಬ್ಬರದ ಜೊತೆ ಮಣ್ಣಿಗೆ ಬೆರೆಸಲೂ ಅಡ್ಡಿಯಿಲ್ಲ. ಆದರೆ ಇದೇ ಗೊಬ್ಬರವೆಂದುಕೊಳ್ಳುವುದು ಇನ್ನೊಂದು ತಪ್ಪು. ಪೋಷಕಾಂಶ ಇದರಲ್ಲಿ ಕಡಿಮೆ. ಇದರ ಬೆಲೆ ಇರುವುದು ತೇವ ಹಿಡಿಯುವುದರಲ್ಲಿ, ಜೇಡಿಯನ್ನು ಸಡಿಲಿಸುವುದರಲ್ಲಿ.

ಚಕ್ಕೆಯಿಂದ ಮಣ್ಣು ಹುಳಿಯಾಗುತ್ತದೆ ಎಂಬ ಆಕ್ಷೇಪಕ್ಕೆ ಹುರುಳಿಲ್ಲ. ಮೇಲೆ ಹರಡಿದ ಚಕ್ಕೆ ಕೆಳಗಿನ ಮಣ್ಣಿನ ಆಮ್ಲೀಯತೆಯನ್ನು ಹೇಳಿಕೊಳ್ಳುವಷ್ಟು ಬದಲಿಸದು. ಗೆದ್ದಲಿನ ಮಾತು ಬೇರೆ. ನಮ್ಮ ಕೆಂಪು ಮಣ್ಣಿನ ಸೀಮೆಯಲ್ಲಿ ಆ ಭಯಕ್ಕೆ ಕಾರಣವಿದೆ, ಒಣಗಿದ ಚಕ್ಕೆ ಅದಕ್ಕೆ ಆಹಾರವೇ. ಹಾಗೆಂದು ಚಕ್ಕೆಯನ್ನೇ ಬಿಡಬೇಕಿಲ್ಲ. ಹೊದಿಕೆ ಗಿಡದ ಬುಡದಿಂದ ಒಂದು ಗೇಣು, ಮನೆಯ ಗೋಡೆಯಿಂದ ಇನ್ನೂ ದೂರ ಇರಲಿ. ಎಳೆಯ ತೆಂಗಿನ ಸಸಿಯ ಸುತ್ತ ಬೇಡ.

ಚಕ್ಕೆ ತರುವ ಮುನ್ನ ನಿಜವಾಗಿ ಕೇಳಬೇಕಾದ ಪ್ರಶ್ನೆ, ಅದು ಯಾವುದರ ಚಕ್ಕೆ ಎಂಬುದು. ಪ್ಲೈವುಡ್, ಬಣ್ಣ ಬಳಿದ ಹಲಗೆ, ಹುಳು ಹಿಡಿಯದಂತೆ ರಾಸಾಯನಿಕ ಕುಡಿಸಿದ ಮರ ಎಷ್ಟೇ ಹಳೆಯದಾದರೂ ಸೊಪ್ಪು-ತರಕಾರಿಯ ಮಡಿಗೆ ಹಾಕಬೇಡಿ.